ಮಲೆನಾಡಿನ ಗಾಡಿಗೆ ಕಾರ್ಪೆಟ್ ಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಒಂದೇ ವಿಷಯ, ಗಾಡಿಯೊಳಗಿನ ಕಾರ್ಪೆಟ್. ಒದ್ದೆ, ಮುಗ್ಗಲು ವಾಸನೆ, ಬೂಷ್ಟು, ತುಕ್ಕು. ಹಾಗಾಗಿ ಕ್ಲಚ್ಚು, ಮೈಲೇಜು, ಬ್ಯಾಟರಿ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಗಾಡಿಯ ನೆಲದ ಬಗ್ಗೆ ಮಾತ್ರ ಬರೆಯುತ್ತೇನೆ. ಒಂದೇ ಪ್ರಶ್ನೆ ಕೇಳಿದ ಹಾಗೆ ಕಂಡರೂ ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ, ಗಾಡಿ ಬೇರೆ, ಬಳಸುವ ರೀತಿ ಬೇರೆ.

ಪ್ರಶ್ನೆ: ಆಗುಂಬೆ ಹತ್ತಿರ ನಮ್ಮ ತೋಟ. ಹನ್ನೊಂದು ವರ್ಷದ ಬೊಲೆರೊ ಇದೆ. ಮನೆಯವರನ್ನು ಪೇಟೆಗೆ ಕರೆದುಕೊಂಡು ಹೋಗುವುದಕ್ಕೂ ಅದೇ, ಗೊಬ್ಬರ, ಔಷಧಿ ತರುವುದಕ್ಕೂ ಅದೇ. ಪ್ರತಿ ಮಳೆಗಾಲ ಕಾರ್ಪೆಟ್ ನೆನೆದು ಬೂಷ್ಟು ಹಿಡಿಯುತ್ತದೆ. ಅದನ್ನು ಕಿತ್ತು ಹಾಕಿ ತೊಳೆಯಲು ಬರುವಂಥ ಗಟ್ಟಿ ಕೋಟಿಂಗ್ ಹೊಡೆಸೋಣ ಅಂತಿದ್ದೇನೆ. ಅಂಗಡಿಯವರು ಕಾರ್ಪೆಟ್ ಮೇಲೇ ರೆಕ್ಸಿನ್ ಮ್ಯಾಟಿಂಗ್ ಅಂಟಿಸಿ ಕೊಡುತ್ತೇವೆ, ಅಷ್ಟು ಸಾಕು ಅನ್ನುತ್ತಾರೆ. ಯಾವುದು ಸರಿ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೋಟಿಂಗ್ ಹೊಡೆಸಿ. ನಿಮ್ಮ ಗಾಡಿಗೆ ಅದೇ ಸರಿ. ಕಾರ್ಪೆಟ್ ಮೇಲೆ ಮ್ಯಾಟಿಂಗ್ ಮಾತ್ರ ಬೇಡವೇ ಬೇಡ.

ನಮ್ಮ ಕಣ್ಣಿಗೆ ಕಾಣುವ ಕಾರ್ಪೆಟ್ ಮೇಲಿನ ಒಂದು ಪದರ ಅಷ್ಟೇ. ಅದರ ಕೆಳಗೆ ಸದ್ದು, ಬಿಸಿ ತಡೆಯಲು ದಪ್ಪನೆಯ ಫೆಲ್ಟೋ ಸ್ಪಂಜೋ ಇರುತ್ತದೆ. ಮೇಲಿನ ಪದರ ಎರಡು ದಿನದ ಬಿಸಿಲಿಗೆ ಆರುತ್ತದೆ, ಕೈಯಾಡಿಸಿದರೆ ಬೆಚ್ಚಗಿರುತ್ತದೆ, ನಾವು ಒಣಗಿತು ಅಂದುಕೊಳ್ಳುತ್ತೇವೆ. ಕೆಳಗಿನ ಫೆಲ್ಟ್ ಮಾತ್ರ ನೆನೆದ ಗೋಣಿಚೀಲದ ಹಾಗೆ ನೀರು ಹಿಡಿದುಕೊಂಡು ಕೂತಿರುತ್ತದೆ. ಅದರ ಕೆಳಗೆ ಕಬ್ಬಿಣದ ತಗಡು. ನಿಮ್ಮ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಜೂನ್‌ನಲ್ಲಿ ನೆನೆದದ್ದು ದೀಪಾವಳಿ ಬಂದರೂ ಆರುವುದಿಲ್ಲ. ಇದರ ಮೇಲೆ ರೆಕ್ಸಿನ್ ಅಂಟಿಸಿದರೆ ನೀರು ಒಳಗೆ ಇಳಿಯುವುದು ಪೂರ್ತಿ ನಿಲ್ಲುವುದಿಲ್ಲ, ಬಾಗಿಲ ಅಂಚಿನಿಂದ, ಪೆಡಲ್ ಹತ್ತಿರದಿಂದ ಹೇಗೋ ಇಳಿಯುತ್ತದೆ. ಆದರೆ ಆವಿಯಾಗಿ ಹೊರಗೆ ಬರುವ ದಾರಿ ಮಾತ್ರ ಚೆನ್ನಾಗಿ ಮುಚ್ಚಿಹೋಗುತ್ತದೆ.

ಹೀಗೆ ಮ್ಯಾಟಿಂಗ್ ಅಂಟಿಸಿದ್ದ ಒಂದು ಜೀಪು ನಮ್ಮ ಶೆಡ್ಡಿಗೆ ಬಂದಿತ್ತು. ಮೇಲಿಂದ ನೋಡಿದರೆ ಹೊಸದರ ಹಾಗೆ ಮಿಂಚುತ್ತಿತ್ತು. ಬಾಗಿಲ ಕೆಳಗಿನ ಪಟ್ಟಿ ಬಿಚ್ಚಿ, ಮ್ಯಾಟು, ಕಾರ್ಪೆಟ್ಟು, ಫೆಲ್ಟು ಮೂರನ್ನೂ ಒಟ್ಟಿಗೆ ಹಿಡಿದು ಎತ್ತಿದೆವು. ಫೆಲ್ಟಿನ ಕೆಳಗಡೆ ಕಂದು ಬಣ್ಣದ ನೀರು ಜಿನುಗುತ್ತಿತ್ತು, ಅದಕ್ಕೆ ತುಕ್ಕು ಪದರ ಪದರವಾಗಿ ಅಂಟಿಕೊಂಡು ಎದ್ದು ಬಂತು, ಸುಟ್ಟ ಹಪ್ಪಳ ಮುರಿದ ಹಾಗೆ. ಡ್ರೈವರ್ ಕಾಲಿಡುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಸೀದಾ ಕೆಳಗೆ ಹೋಯಿತು, ತೂತಿನಿಂದ ಅಂಗಳದ ಜಲ್ಲಿ ಕಾಣಿಸಿತು. ಗಾಡಿಯವರಿಗೆ ಬೇಜಾರಾಯಿತು. ನನಗೂ ಆಯಿತು, ಎರಡು ವರ್ಷ ಮೊದಲೇ ಆ ಮ್ಯಾಟು ಎತ್ತಿ ನೋಡಿದ್ದರೆ ತಗಡು ಉಳಿಯುತ್ತಿತ್ತು.

ತೋಟದ ಗಾಡಿಗಳಿಗೆ ಇನ್ನೊಂದು ಶತ್ರು ಇದೆ, ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ, ಆಮೇಲೆ ಚಾಕುವೋ ಕತ್ತಿಯೋ ಅದ್ದಿ ನೋಡುತ್ತೀರಿ ಅಲ್ವಾ? ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಅಂತ ಇನ್ನಷ್ಟು ಹಾಕುತ್ತೀರಿ. ಆ ಕೆಂಪು ತಾಮ್ರದ್ದು. ತಾಮ್ರ ಕೂರಬೇಕಾದರೆ ಅಲಗಿನ ಕಬ್ಬಿಣ ಅಷ್ಟು ಕರಗಿರುತ್ತದೆ. ಇದೇ ಕೆಲಸ ನಿಮ್ಮ ಗಾಡಿಯ ನೆಲದಲ್ಲೂ ನಡೆಯುತ್ತದೆ. ಮೈಲುತುತ್ತದ ಚೀಲದಿಂದ ಉದುರಿದ ಪುಡಿ ಒದ್ದೆ ಕಾರ್ಪೆಟ್ಟಿನಲ್ಲಿ ಕರಗಿ ಕೆಳಗೆ ಇಳಿದರೆ, ಬಣ್ಣ ಎದ್ದ ಜಾಗದಲ್ಲಿ ತಗಡನ್ನು ತಿನ್ನುತ್ತಾ ಹೋಗುತ್ತದೆ. ಸುಮ್ನೆ ಮಳೆನೀರು ಬಿದ್ದದ್ದಕ್ಕಿಂತ ಬೇಗ ತಿನ್ನುತ್ತದೆ. ಗೊಬ್ಬರದ ಉಪ್ಪಿಗೂ ಹೀಗೇ. ಕೋಟಿಂಗ್ ಹೊಡೆಸಿದ ಮೇಲೂ ಈ ಚೀಲಗಳನ್ನು ಪ್ಲಾಸ್ಟಿಕ್ ಟ್ರೇಯಲ್ಲಿ ಇಟ್ಟೇ ತನ್ನಿ, ಚೆಲ್ಲಿದರೆ ಅವತ್ತೇ ತೊಳೆಯಿರಿ.

ಈಗ ಕೆಲಸದ ಮಾತು. ಪೇಂಟಿಂಗ್‌ನವರಿಗೆ ವಹಿಸಿದರೂ ನೀವು ಪಕ್ಕದಲ್ಲಿ ನಿಂತು ನೋಡಬೇಕಾದ ವಿಷಯಗಳಿವೆ. ಇದರಲ್ಲಿ ಕೋಟಿಂಗ್ ಹೊಡೆಯುವುದು ಕೊನೆಯ ಅರ್ಧ ದಿನದ ಕೆಲಸ. ಅದಕ್ಕೆ ಮೊದಲಿನ ಮೂರ್ನಾಲ್ಕು ದಿನದ ತಯಾರಿಯೇ ನಿಜವಾದ ಕೆಲಸ, ಅಲ್ಲಿ ಅವಸರ ಮಾಡಿದರೆ ಎಂಥ ದುಬಾರಿ ಕೋಟಿಂಗೂ ಹಾಳೆಯ ಹಾಗೆ ಎದ್ದು ಬರುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಆಮೇಲೆ ಸೀಟು, ಬಾಗಿಲ ಕೆಳಗಿನ ಪಟ್ಟಿ, ಸೀಟ್ ಬೆಲ್ಟಿನ ಕೆಳಗಿನ ಬೋಲ್ಟ್, ಆಮೇಲೆ ಕಾರ್ಪೆಟ್. ಬಿಚ್ಚುವ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಒಂದೊಂದು ಫೋಟೊ ತೆಗೆದಿಟ್ಟುಕೊಳ್ಳಿ, ಬೋಲ್ಟುಗಳನ್ನು ಬೇರೆ ಬೇರೆ ಪೊಟ್ಟಣ ಕಟ್ಟಿ ಮೇಲೆ ಬರೆದಿಡಿ. ಕಾರ್ಪೆಟ್ ತೆಗೆದ ಮೇಲೆ ಒಂದು ದಿನ ಗಾಡಿಯನ್ನು ಹಾಗೇ ಬಿಟ್ಟು, ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು ನೋಡಿ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಬೇಕು. ನೀರು ಎಲ್ಲಿಂದ ಬರುತ್ತಿದೆ ಅನ್ನುವುದು ಆಗ ಕಣ್ಣಿಗೇ ಕಾಣುತ್ತದೆ. ಗಾಜಿನ ಬೀಡಿಂಗೋ, ಬಾಗಿಲ ರಬ್ಬರೋ, ಕೇಬಲ್ ಒಳಗೆ ಬರುವ ತೂತಿನ ರಬ್ಬರೋ, ಅದನ್ನು ಸರಿ ಮಾಡಿಸಿಯೇ ಮುಂದೆ ಹೋಗಿ. ಸೋರುವ ಮನೆಗೆ ನೆಲ ಮಾತ್ರ ಗಾರೆ ಮಾಡಿಸಿದರೆ ಏನು ಪ್ರಯೋಜನ?

ತುಕ್ಕು ಹಿಡಿದ ಜಾಗವನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ತೆಳುವಾದ ಜಾಗ ಬೆರಳಿಗೆ ಸಿಕ್ಕುವವರೆಗೂ ತಟ್ಟಿ ತಟ್ಟಿ ನೋಡಬೇಕು. ತೂತಾಗಿದ್ದರೆ ತಗಡಿನ ಪ್ಯಾಚ್ ವೆಲ್ಡಿಂಗ್ ಮಾಡಿಸಿ. ಪುಟ್ಟಿ ಮೆತ್ತಿ ಮುಚ್ಚಲು ಒಪ್ಪಬೇಡಿ, ಅದು ಕಾಲಿನ ಭಾರ ತಡೆಯುವುದಿಲ್ಲ. ವೆಲ್ಡಿಂಗ್ ಮಾಡುವ ಜಾಗದ ಕೆಳಗೆ ಡೀಸೆಲ್ ಪೈಪು, ಬ್ರೇಕ್ ಪೈಪು ಹೋಗಿದೆಯೇ ಅಂತ ಕೆಳಗೆ ಮಲಗಿ ನೋಡಿಕೊಳ್ಳಬೇಕು. ಉಳಿದ ಸಣ್ಣ ತುಕ್ಕಿಗೆ ರಸ್ಟ್ ಕನ್ವರ್ಟರ್ ಅಂತ ಸಿಗುತ್ತದೆ, ಹಚ್ಚಿದರೆ ಕೆಂಪು ತುಕ್ಕು ಕಪ್ಪಾಗಿ ಗಟ್ಟಿಯಾಗುತ್ತದೆ. ಇದು ನಿಮಗೆ ಹೊಸದಲ್ಲ. ಅಡಿಕೆ ಬೇಯಿಸಿದ ಚೊಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ ಅಲ್ವಾ, ಅದು ಟ್ಯಾನಿನ್ ಮಾಡುವ ಕೆಲಸ. ಈ ಬಾಟಲಿಗಳಲ್ಲಿ ಹಲವದರಲ್ಲಿ ಇರುವುದೂ ಟ್ಯಾನಿಕ್ ಆಸಿಡ್ಡೇ. ಹಾಗಂತ ಮನೆಯ ಚೊಗರನ್ನೇ ತಂದು ಬಳಿಯಬೇಡಿ, ಅದರ ಜಿಡ್ಡಿನ ಮೇಲೆ ಬಣ್ಣ ಹಿಡಿಯುವುದಿಲ್ಲ.

ಆಮೇಲೆ ಇಡೀ ನೆಲವನ್ನು 80 ಅಥವಾ 120 ನಂಬರಿನ ಎಮರಿ ಪೇಪರಿನಿಂದ ಉಜ್ಜಿ ಹೊಳಪು ಪೂರ್ತಿ ತೆಗೆಯಬೇಕು. ಮೂಲೆಗಳಲ್ಲಿ ಕೈ ನೋಯುತ್ತದೆ, ಬಿಡಬೇಡಿ, ಕೋಟಿಂಗ್ ಮೊದಲು ಏಳುವುದು ಅಲ್ಲಿಂದಲೇ. ಧೂಳು ತೆಗೆದು ಥಿನ್ನರಿನಲ್ಲಿ ಒರೆಸಿ. ಸೀಮೆಎಣ್ಣೆ, ಪೆಟ್ರೋಲು ಬೇಡ, ಜಿಡ್ಡು ಉಳಿಯುತ್ತದೆ. ಬರಿಯ ಲೋಹ ಕಂಡ ಕಡೆಯೆಲ್ಲ ಎಪಾಕ್ಸಿ ಪ್ರೈಮರ್ ಅನ್ನುವ ಅಡಿಬಣ್ಣ ಹೊಡೆಸಿ, ಅದು ಒಣಗಿದ ಮೇಲೆ ತಗಡು ತಗಡು ಕೂಡುವ ಸಂದುಗಳಿಗೆ ಪಾಲಿಯುರೆಥೇನ್ ಸೀಲೆಂಟ್ ತುಂಬಿಸಿ, ಅದೂ ಒಣಗಿದ ಮೇಲೆ ಕೋಟಿಂಗ್.

ಕೋಟಿಂಗ್ ಅಂದರೆ ಪಿಕಪ್‌ಗಳ ಹಿಂದಿನ ಡಾಲಾಕ್ಕೆ ಹೊಡೆಯುತ್ತಾರಲ್ಲ, ಬೆಡ್ ಲೈನರ್, ಅದೇ. ಪಾಲಿಯುರೆಥೇನ್ ಅಥವಾ ಪಾಲಿಯೂರಿಯಾ. ಒಣಗಿದ ಮೇಲೆ ಮೇಲ್ಮೈ ತರಿತರಿ ಇರುತ್ತದೆ, ಕಾಲು ಜಾರುವುದಿಲ್ಲ. ಪಾಲಿಯೂರಿಯಾವನ್ನು ಬಿಸಿ ಮಾಡಿ ದೊಡ್ಡ ಮಿಷನ್ನಿನಿಂದ ಹೊಡೆಯುತ್ತಾರೆ, ಅದು ಮನೆಯ ಕೆಲಸವಲ್ಲ. ಪಾಲಿಯುರೆಥೇನ್ ಆದರೆ ಡಬ್ಬಿಯಲ್ಲಿ ಸಿಗುತ್ತದೆ, ಬ್ರಷ್, ರೋಲರ್, ಗನ್ ಯಾವುದರಲ್ಲಾದರೂ ಹಚ್ಚಬಹುದು. ರ‍್ಯಾಪ್ಟರ್ ಅನ್ನುವ ಲೈನರ್‌ನಲ್ಲಿ ಮೂರು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡನರ್, ಬೇರೆ ಕಂಪನಿಯದ್ದಾದರೆ ಅವರ ಡಬ್ಬಿಯ ಮೇಲಿನ ಲೆಕ್ಕವೇ ಲೆಕ್ಕ. ಕಣ್ಣಂದಾಜಿನಲ್ಲಿ ಸುರಿಯಬೇಡಿ. ಎಷ್ಟು ಬೇಕು ಅಂತ ತಿಳಿಯಲು ಸುಲಭದ ದಾರಿ ಹೇಳುತ್ತೇನೆ: ಕಾರ್ಪೆಟ್ ತೆಗೆದ ನೆಲದ ಮೇಲೆ ಹಳೆಯ ದಿನಪತ್ರಿಕೆಯ ಪುಟಗಳನ್ನು ಉಬ್ಬು ತಗ್ಗಿಗೆ ಹೊಂದುವ ಹಾಗೆ ಹಾಸಿ ಎಣಿಸಿ. ದೊಡ್ಡ ಪತ್ರಿಕೆಯ ಒಂದು ಪುಟ ಸುಮಾರು ಎರಡು ಚದರ ಅಡಿ. ಎರಡು ಕೋಟ್‌ಗೆ ಲೆಕ್ಕ ಹಾಕಿ.

ಹೊಡೆಯುವ ಮೊದಲು ಮೂರು ಜಾಗ ಮುಚ್ಚಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ನೆಲದಲ್ಲಿ ನೀರು ಹೋಗಲು ಇರುವ ರಬ್ಬರ್ ಬೂಚಿನ ತೂತುಗಳು ಒಂದು. ಸೀಟು ಮತ್ತು ಬೆಲ್ಟಿನ ಬೋಲ್ಟ್ ಕೂರುವ ಥ್ರೆಡ್ಡಿನ ತೂತುಗಳು ಎರಡು, ಅದಕ್ಕೆ ಹಳೆಯ ಬೋಲ್ಟನ್ನೇ ತಿರುಗಿಸಿ ಬಿಟ್ಟರೆ ಸಾಕು. ಮೂರನೆಯದು ವೈರುಗಳ ಅರ್ಥ್ ಪಾಯಿಂಟ್, ಅಲ್ಲಿ ಬರಿಯ ಲೋಹವೇ ಇರಬೇಕು, ಕೋಟಿಂಗ್ ಕೂತರೆ ಲೈಟು ಹತ್ತುವುದಿಲ್ಲ, ಹತ್ತಿದರೂ ಮಿಣುಕುತ್ತದೆ. ಸೀಟಿನ ಕಾಲು, ಬೆಲ್ಟಿನ ಕೊಂಡಿ ಕೂರುವ ಜಾಗದಲ್ಲೂ ದಪ್ಪಗೆ ಹೊಡೆಯಬಾರದು. ಮಧ್ಯೆ ಮೆತ್ತಗಿನ ಪದರ ಇದ್ದರೆ ಬೋಲ್ಟ್ ದಿನ ಕಳೆದಂತೆ ಸಡಿಲವಾಗುತ್ತದೆ, ಅದು ಜೀವದ ಪ್ರಶ್ನೆ.

ಸಮಯ? ಕೊಯ್ಲು, ಸುಲಿತ ಎಲ್ಲ ಮುಗಿದ ಮೇಲೆ, ಫೆಬ್ರವರಿಯಿಂದ ಮೊದಲ ಗುಡುಗು ಮಳೆ ಬರುವುದರೊಳಗೆ. ಆಮೇಲೆ ಒಂದು ವಾರ ನೆಲಕ್ಕೆ ನೀರು ತಾಗಿಸಬೇಡಿ, ಭಾರ ಹೇರಬೇಡಿ.

ಒಂದು ಮಾತು ಮೊದಲೇ ತಿಳಿದಿರಲಿ. ಸದ್ದು ಜಾಸ್ತಿಯಾಗುತ್ತದೆ. ಫೆಲ್ಟ್ ಹೋದರೆ ಗೇರ್‌ಬಾಕ್ಸಿನ ಗುಂಯ್‌ಗುಡುವಿಕೆ, ಜಲ್ಲಿ ಸಿಡಿಯುವ ಸದ್ದು ಎಲ್ಲ ಕೇಳುತ್ತದೆ. ಕೋಟಿಂಗ್ ಅದನ್ನು ಸ್ವಲ್ಪ ತಗ್ಗಿಸಬಹುದು ಅಷ್ಟೇ. ಮೇಲೆ ಬಿಡಿಯಾದ ದಪ್ಪ ರಬ್ಬರ್ ಮ್ಯಾಟ್ ಹಾಕಿಕೊಳ್ಳಿ, ಅಂಟಿಸಬೇಡಿ, ವಾರಕ್ಕೊಮ್ಮೆ ಎತ್ತಿ ಒಣಗಿಸುವ ಹಾಗಿರಲಿ. ಹಳೆಯ ಜೀಪುಗಳಲ್ಲಿ ಹೀಗೇ ಇರುತ್ತಿತ್ತು, ಬರಿಯ ತಗಡು, ಮೇಲೊಂದು ರಬ್ಬರ್. 2020ರಲ್ಲಿ ಬಂದ ಥಾರ್‌ನಲ್ಲಿ ಕಂಪನಿಯವರೇ ತೊಳೆಯಲು ಬರುವ ನೆಲ, ನೀರು ಬಿಡುವ ಬೂಚು ಕೊಟ್ಟರು. ನಮ್ಮ ಮಲೆನಾಡಿನ ಕೆಲಸಕ್ಕೆ ಇದೇ ಸರಿಯಾದ ರೀತಿ ಅಂತ ನಾನು ಮನಸಾರೆ ನಂಬಿದ್ದೇನೆ.

ಪ್ರಶ್ನೆ: ನಾಲ್ಕು ವರ್ಷದ ಸಣ್ಣ ಕಾರು. ಶಾಲೆಗೆ ಹೋಗಿ ಬರಲು ಬಳಸುತ್ತೇನೆ. ಎಡಗಡೆ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ ಯಾವಾಗಲೂ ತೇವ, ಮಳೆ ಇಲ್ಲದ ಏಪ್ರಿಲ್‌ನಲ್ಲೂ. ಕಾರ್ಪೆಟ್ ತೆಗೆಸಿ ವಾಟರ್‌ಪ್ರೂಫ್ ಕೋಟಿಂಗ್ ಮಾಡಿಸಿಬಿಡಲೇ?
— ಶಿಕ್ಷಕಿ, ಸಾಗರ

ಉತ್ತರ: ಬೇಡ ಮೇಡಂ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮಳೆ ಇಲ್ಲದಾಗಲೂ ಎಡಗಡೆ ತೇವ ಅಂದರೆ ಅದು ಬಹುತೇಕ ಎಸಿ ನೀರು. ಎಸಿ ಹಾಕಿದಾಗ ಕಾರಿನ ಕೆಳಗೆ ತೊಟ್ಟಿಕ್ಕುವ ನೀರು ಒಂದು ಸಣ್ಣ ಪೈಪಿನಿಂದ ಹೊರಗೆ ಹೋಗಬೇಕು. ಆ ಪೈಪಿಗೆ ಧೂಳು, ಎಲೆಚೂರು ಕಟ್ಟಿಕೊಂಡರೆ ನೀರು ವಾಪಸ್ ಒಳಗೆ ಎಡಗಡೆಯ ಕಾಲಿನ ಜಾಗಕ್ಕೆ ಬೀಳುತ್ತದೆ. ಹದಿನೈದು ನಿಮಿಷ ಎಸಿ ಹಾಕಿ ನಿಲ್ಲಿಸಿ ಕೆಳಗೆ ನೋಡಿ. ಸೆಕೆಯ ದಿನದಲ್ಲೂ ಒಂದು ಹನಿ ಬೀಳದಿದ್ದರೆ ಪೈಪ್ ಕಟ್ಟಿದೆ ಅಂತಲೇ ಅರ್ಥ. ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತಿನ ಕೆಲಸ.

ಆ ತೇವವನ್ನು ಬಿಳಿ ಟಿಶ್ಯೂ ಪೇಪರಿನಲ್ಲಿ ಒತ್ತಿಯೂ ನೋಡಿ. ಅಂಟಂಟಾಗಿ, ಬಣ್ಣವಾಗಿ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್, ಇಂಜಿನ್ ತಣ್ಣಗಿಡುವ ದ್ರವ. ಆಗ ಹೀಟರ್ ಭಾಗ ಸೋರುತ್ತಿದೆ, ತಡ ಮಾಡಬೇಡಿ, ಕೂಲೆಂಟ್ ಖಾಲಿಯಾದರೆ ಇಂಜಿನ್ ಕೆಡುತ್ತದೆ. ಇನ್ನೊಂದು ಜಾಗ ವೈಪರ್ ಕೆಳಗಿನ ಜಾಲರಿ. ಮರದಡಿ ಗಾಡಿ ನಿಲ್ಲಿಸುವವರಿಗೆಲ್ಲ ಹೇಳುತ್ತೇನೆ, ಅಲ್ಲಿ ಎಲೆ ಕೊಳೆತು ಗೊಬ್ಬರವಾಗಿ ನೀರಿನ ದಾರಿ ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲು ಕೈ ಹಾಕಿ ತೆಗೆಯಿರಿ.

ಹೊಸ ಕಾರುಗಳ ಕಾರ್ಪೆಟ್ ಕೀಳಬೇಡಿ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಅದರ ಕೆಳಗೆ ವೈರುಗಳ ಕಟ್ಟು ಹೋಗಿರುತ್ತದೆ, ಗೇರ್ ಹತ್ತಿರದ ಪ್ಲಾಸ್ಟಿಕ್ ಒಳಗೆ ಬಹಳ ಕಾರುಗಳಲ್ಲಿ ಏರ್‌ಬ್ಯಾಗಿನ ಕಂಟ್ರೋಲ್ ಬಾಕ್ಸ್ ಕೂತಿರುತ್ತದೆ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ತಿಳಿಯದವರು ಮುಟ್ಟಬಾರದು. ನಿಮ್ಮ ಕಾರಿಗೆ ಸೋರಿಕೆ ನಿಲ್ಲಿಸಿ, ಎಡ ಸೀಟು ಬಿಚ್ಚಿಸಿ, ಕಾರ್ಪೆಟ್ ಎತ್ತಿ ಕೆಳಗೊಂದು ಮರದ ತುಂಡು ಕೊಟ್ಟು ಫ್ಯಾನ್ ಹಾಕಿ ಮೂರು ದಿನ ಪೂರ್ತಿ ಒಣಗಿಸಿದರೆ ಸಾಕು. ಕೆಳಗಿನ ಸ್ಪಂಜನ್ನು ಹಿಂಡಿ ನೋಡಿ, ಮೇಲೆ ಒಣಗಿದ್ದು ನಂಬಬೇಡಿ.

ಪ್ರಶ್ನೆ: ಓಮ್ನಿಯಲ್ಲಿ ಮೀನು ವ್ಯಾಪಾರ. ಮಲ್ಪೆ ಮೀನು ತಂದು ಊರೂರಿಗೆ ಮಾರುತ್ತೇನೆ. ಹಿಂದಿನ ನೆಲ ಪೂರ್ತಿ ತುಕ್ಕು. ವಾಸನೆ ಹೋಗುವುದೇ ಇಲ್ಲ. ಇಡೀ ಗಾಡಿಗೆ ಕೋಟಿಂಗ್ ಮಾಡಿಸಬೇಕಾ, ಹಿಂದೆ ಮಾತ್ರ ಸಾಕಾ? ನೀರು ಹೋಗಲು ನೆಲಕ್ಕೆ ತೂತು ಕೊರೆಸಲಾ?
— ವ್ಯಾಪಾರಿ, ಭದ್ರಾವತಿ

ಉತ್ತರ: ಅಣ್ಣ, ಹಿಂದೆ ಮಾತ್ರ ಸಾಕು. ಓಮ್ನಿಯ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಅಲ್ಲಿ ಕಾರ್ಪೆಟ್, ಅದರ ಅಡಿಯ ಪದರ ತೆಗೆದರೆ ಬೇಸಿಗೆಯಲ್ಲಿ ಕಾಲು ಸುಡುತ್ತದೆ. ಮುಂದೆ ಇದ್ದದ್ದು ಇರಲಿ.

ತೂತು ಕೊರೆಸಬೇಡಿ. ಓಮ್ನಿ ಪೆಟ್ರೋಲ್ ಗಾಡಿ, ಟ್ಯಾಂಕು, ಪೈಪು ಎಲ್ಲ ಅದೇ ನೆಲದ ಕೆಳಗೆ. ಕಂಪನಿ ಕೊಟ್ಟ ಬೂಚುಗಳಿದ್ದರೆ ಅವನ್ನೇ ಬಳಸಿ. ಅದಕ್ಕಿಂತ ಮುಖ್ಯ ಅಂದರೆ ಮೀನಿನ ನೀರು ನೆಲಕ್ಕೆ ಬೀಳದ ಹಾಗೆ ನೋಡಿಕೊಳ್ಳುವುದು. ಐಸ್ ಕರಗಿದ ನೀರಿನಲ್ಲಿ ಮೀನಿನ ಉಪ್ಪು, ರಕ್ತ ಎಲ್ಲ ಸೇರಿರುತ್ತದೆ. ಅದು ಪಕ್ಕದ ಸಂದುಗಳಿಗೆ ಇಳಿದರೆ ಒಳಗಿನಿಂದ ತಿನ್ನುತ್ತದೆ, ಹೊರಗೆ ಬಣ್ಣ ಉಬ್ಬುವಾಗ ಒಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ನಿಮ್ಮ ಗಾಡಿಗೆ ಸೀಲೆಂಟ್ ಕೆಲಸವೇ ಮೊದಲ ಕೆಲಸ. ನೆಲ ಗೋಡೆಗೆ ಕೂಡುವ ಕಡೆ, ಚಕ್ರದ ಉಬ್ಬಿನ ಸುತ್ತ, ಹಿಂದಿನ ಬಾಗಿಲ ಹೊಸ್ತಿಲಲ್ಲಿ ಒಂದು ಸಂದೂ ಬಿಡದೆ ತುಂಬಿಸಿ. ಕೋಟಿಂಗನ್ನು ಪಕ್ಕದ ಗೋಡೆಗೂ ಒಂದು ಅಡಿ ಎತ್ತರಕ್ಕೆ ಹತ್ತಿಸಿ, ಬಚ್ಚಲಿನ ಗೋಡೆಗೆ ಗಾರೆ ಹತ್ತಿಸುತ್ತಾರಲ್ಲ, ಹಾಗೆ. ಮೇಲೆ ಅಂಚಿರುವ ದೊಡ್ಡ ಪ್ಲಾಸ್ಟಿಕ್ ಟ್ರೇ ಇಟ್ಟು ಅದರೊಳಗೆ ಬಾಕ್ಸ್ ಇಡಿ.

ಓಮ್ನಿ ಬರುವುದು 2019ಕ್ಕೇ ನಿಂತುಹೋಯಿತು, ಇರುವುದನ್ನು ಉಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಖರ್ಚು ಮಾಡುವ ಮೊದಲು ಟಿಂಕರ್ ಹತ್ತಿರ ಕೆಳಗಿನ ಉದ್ದದ ಫ್ರೇಮ್ ತಟ್ಟಿಸಿ ನೋಡಿ. ಅದೇ ಹೋಗಿದ್ದರೆ ಕೋಟಿಂಗ್‌ಗೆ ದುಡ್ಡು ಹಾಕಬೇಡಿ.

ಪ್ರಶ್ನೆ: ಜುಲೈನಲ್ಲಿ ಕಾಲೇಜಿಗೆ ರಜೆ ಇದೆ. ಅಪ್ಪನ ಹಳೆಯ ಜೀಪಿನ ನೆಲ ನಾನೇ ಮಾಡೋಣ ಅಂತ. ಬೆಡ್ ಲೈನರ್ ದುಬಾರಿ. ಟೆರೇಸಿಗೆ ಹೊಡೆಯುವ ವಾಟರ್‌ಪ್ರೂಫ್ ಪೇಂಟ್ ಅಥವಾ ಗಾಡಿಯ ಅಡಿಗೆ ಹೊಡೆಯುವ ಕಪ್ಪು ಅಂಡರ್‌ಕೋಟಿಂಗ್ ಒಳಗೂ ಹೊಡೆಯಬಹುದಾ? ಮನೆಯಲ್ಲಿ ಸ್ಪ್ರೇ ಗನ್ ಇದೆ.
— ವಿದ್ಯಾರ್ಥಿ, ರಿಪ್ಪನ್‌ಪೇಟೆ

ಉತ್ತರ: ತಮ್ಮಾ, ನಿಮ್ಮ ಉತ್ಸಾಹ ಖುಷಿ ಕೊಟ್ಟಿತು, ಆದರೆ ಜುಲೈ ಬೇಡ.

ಎರಡು ಡಬ್ಬಿಯ ಪಾಲಿಯುರೆಥೇನ್‌ನಲ್ಲಿ ಹಾರ್ಡನರ್ ಅಂತ ಇರುವುದು ಐಸೊಸಯನೇಟ್. ಅದು ಬಣ್ಣದ ಜೊತೆ ಸೇರಿ ಗಟ್ಟಿಯಾಗಬೇಕು. ತೇವ ಸಿಕ್ಕರೆ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ, ಅದು ಪದರದೊಳಗೆ ಗುಳ್ಳೆಯಾಗುತ್ತದೆ. ಹಿಂದೆ ಒಂದು ಪಿಕಪ್ಪಿಗೆ ಗಿರಾಕಿ ಅವಸರ ಮಾಡಿದರು ಅಂತ ನಾನು ಆಷಾಢದಲ್ಲೇ ಹೊಡೆದೆ. ಶೆಡ್ಡಿನೊಳಗೆ, ಹೀಟರ್ ಇಟ್ಟು, ಎಲ್ಲ ಮಾಡಿಯೂ. ಬೆಳಗ್ಗೆ ನೋಡಿದರೆ ನೀರುದೋಸೆಯ ಹಾಗೆ ತೂತು ತೂತು. ಪೂರ್ತಿ ಕೆರೆದು ತೆಗೆಯಲು ಇಬ್ಬರಿಗೆ ನಾಲ್ಕು ದಿನ ಹಿಡಿಯಿತು. ಗಾಳಿಯ ತೇವದಿಂದಲೇ ಗಟ್ಟಿಯಾಗುವ ಒಂದೇ ಡಬ್ಬಿಯ ಲೈನರ್‌ಗಳೂ ಇವೆ, ಆದರೆ ಅದಕ್ಕೂ ತಗಡು ಒಣಗಿರಲೇಬೇಕು. ಗಾಳಿಯಲ್ಲಿ ತೇವ ತುಂಬಿದಾಗ ತಣ್ಣಗಿನ ತಗಡಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ, ತಣ್ಣೀರಿನ ಸ್ಟೀಲ್ ಲೋಟ ಹೊರಗೆ ಬೆವರುವುದು ನೋಡಿದ್ದೀರಲ್ಲ. ತಗಡಿನ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕಡಿಮೆ ಅಂದರೂ ಮೂರು ಡಿಗ್ರಿ ಜಾಸ್ತಿ ಇರಬೇಕು ಅನ್ನುವುದು ಪೇಂಟಿಂಗ್ ಕೆಲಸದ ಹಳೆಯ ಲೆಕ್ಕ. ಚಳಿಗಾಲದಲ್ಲೂ ಬೆಳಗಿನ ಇಬ್ಬನಿ ಆರಿದ ಮೇಲೆ, ಹತ್ತು ಹನ್ನೊಂದು ಗಂಟೆಗೆ ಶುರು ಮಾಡಿ ಬಿಸಿಲು ಇಳಿಯುವ ಮೊದಲೇ ಮುಗಿಸಬೇಕು.

ಟೆರೇಸ್ ಪೇಂಟ್ ಸಿಮೆಂಟಿಗೆ ಮಾಡಿದ್ದು. ತಗಡಿನ ಮೇಲೆ ಬೂಟಿನ ಉಜ್ಜಾಟ, ಡೀಸೆಲ್ ಹನಿ ತಡೆಯುವುದಿಲ್ಲ, ಸಿಪ್ಪೆ ಏಳುತ್ತದೆ. ಡಾಂಬರಿನ ಜಾತಿಯ ಕಪ್ಪು ಅಂಡರ್‌ಕೋಟಿಂಗ್ ಬಿಸಿಲಿಗೆ ಮೆತ್ತಗಾಗಿ ಕಾಲಿಗೆ ಅಂಟುತ್ತದೆ, ಮುಚ್ಚಿದ ಗಾಡಿಯೊಳಗೆ ಅದರ ವಾಸನೆಗೆ ತಲೆನೋವು ಬರುತ್ತದೆ. ದುಡ್ಡು ಕಡಿಮೆ ಇದ್ದರೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಒಳ್ಳೆಯ ಬಣ್ಣ, ಮೇಲೆ ಬಿಡಿ ರಬ್ಬರ್ ಮ್ಯಾಟು. ಲೈನರಿನಷ್ಟು ಗಟ್ಟಿ ಅಲ್ಲ, ಅಲ್ಲಲ್ಲಿ ಚಕ್ಕೆ ಏಳಬಹುದು, ಎದ್ದ ಜಾಗಕ್ಕೆ ಮತ್ತೆ ಹಚ್ಚಬಹುದು. ಹಳೆಯ ಜೀಪಿಗೆ ಇದು ಧಾರಾಳ ಸಾಕು.

ಸ್ಪ್ರೇ ಗನ್ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಹಾರ್ಡನರ್ ಇರುವ ಪಾಲಿಯುರೆಥೇನನ್ನು ಮನೆಯಲ್ಲಿ ಸ್ಪ್ರೇ ಮಾಡಬೇಡಿ. ಐಸೊಸಯನೇಟ್ ಮಂಜು ಉಸಿರಿಗೆ ಹೋದರೆ ಉಬ್ಬಸ ಬರಬಹುದು. ಒಮ್ಮೆ ದೇಹಕ್ಕೆ ಅದು ಆಗದು ಅಂತಾದರೆ ಮುಂದೆ ತೀರಾ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಬಟ್ಟೆಯ ಮಾಸ್ಕು, ಕೊರೊನಾ ಕಾಲದ ಮಾಸ್ಕು ಇದಕ್ಕೆ ಏನೂ ಅಲ್ಲ, ಸ್ಪ್ರೇ ಮಾಡುವವರು ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಹಾಕಬೇಕು. ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದ್ದರೆ ಈ ಕೆಲಸ ಅಂಗಳದಲ್ಲೂ ಬೇಡ. ರೋಲರಿನಲ್ಲಿ ಹಚ್ಚಿದರೆ ಮಂಜು ಏಳುವುದಿಲ್ಲ, ಅಪಾಯ ಕಡಿಮೆ, ಆದರೂ ನಾಲ್ಕೂ ಬಾಗಿಲು ತೆಗೆದು, ರಾಸಾಯನಿಕಕ್ಕೆಂದೇ ಇರುವ ಫಿಲ್ಟರ್ ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಂಡೇ ಮಾಡಬೇಕು. ಥಿನ್ನರಿನ ಆವಿಗೆ ಬೆಂಕಿ ಹತ್ತುತ್ತದೆ, ಬಚ್ಚಲೊಲೆ ಉರಿಯುವ ಕಡೆ ಡಬ್ಬಿ ತೆರೆಯಬೇಡಿ. ಅಪ್ಪನಿಗೂ ಈ ಸಾಲುಗಳನ್ನು ಓದಿಸಿ.

ಜುಲೈ ರಜೆಯಲ್ಲಿ ಕಾರ್ಪೆಟ್ ಬಿಚ್ಚುವುದು, ಸೋರುವ ಜಾಗ ಹುಡುಕುವುದು, ತುಕ್ಕು ಉಜ್ಜುವುದು ಮಾಡಿ. ಸೋರುವುದನ್ನು ಹುಡುಕಲು ನಮ್ಮ ಮಳೆಗಿಂತ ಒಳ್ಳೆಯ ಪೈಪ್ ಯಾವುದಿದೆ? ಉಜ್ಜಿದ ಜಾಗಕ್ಕೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ ತೆಳ್ಳಗೆ ರಸ್ಟ್ ಕನ್ವರ್ಟರ್ ಹಚ್ಚಿಡಿ. ಬಣ್ಣಕ್ಕೆ ಸಂಕ್ರಾಂತಿ ಕಳೆಯಲಿ.

ಪ್ರಶ್ನೆ: ಹೋದ ಮಾರ್ಚಿನಲ್ಲಿ ಕೋಟಿಂಗ್ ಮಾಡಿಸಿದ್ದೇವೆ, ಚೆನ್ನಾಗಿದೆ. ತೊಳೆಯುವುದು ಹೇಗೆ? ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ಗನ್ನಿನಲ್ಲಿ ಒಳಗೂ ಹೊಡೆಸಬಹುದಾ?
— ಗೃಹಿಣಿ, ಶಿವಮೊಗ್ಗ

ಉತ್ತರ: ಪ್ರೆಷರ್ ಗನ್ ಬೇಡ. ನೆಲ ತಡೆಯುತ್ತದೆ, ಆದರೆ ಆ ನೀರು ಸಿಡಿದು ಸೀಟಿನ ಕೆಳಗಿನ ವೈರಿನ ಕನೆಕ್ಟರ್, ಡ್ಯಾಶ್‌ಬೋರ್ಡಿನ ಅಡಿಗೆ ಹೋಗುತ್ತದೆ. ಒಂದು ಬಕೆಟ್ ನೀರು, ಸ್ವಲ್ಪ ಶಾಂಪೂ, ಬಟ್ಟೆ ತಿಕ್ಕುವ ಬ್ರಷ್ ಸಾಕು. ಮೇಲ್ಮೈ ತರಿತರಿ ಇರುವುದರಿಂದ ಕೆಂಪು ಮಣ್ಣು ಆ ಗುಂಡಿಗಳಲ್ಲಿ ಕೂರುತ್ತದೆ, ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ, ಬ್ರಷ್ಷನ್ನು ಸುತ್ತ ಸುತ್ತ ಆಡಿಸಬೇಕು. ಮಣ್ಣು ಹಸಿ ಇದ್ದಾಗಲೇ ತೊಳೆದರೆ ಅರ್ಧ ಕೆಲಸ. ಆಸಿಡ್, ಫಿನೈಲ್ ಸುರಿಯಬೇಡಿ. ಡ್ಯಾಶ್‌ಬೋರ್ಡಿಗೆ ಹಾಕುವ ಪಾಲಿಶನ್ನು ನೆಲಕ್ಕೆ ಹಾಕಲೇಬೇಡಿ, ಪೆಡಲ್ ಮೇಲೆ ಕಾಲು ಜಾರುತ್ತದೆ.

ತೊಳೆಯುವ ಮೊದಲು ನೆಲದ ರಬ್ಬರ್ ಬೂಚುಗಳನ್ನು ತೆಗೆಯಿರಿ, ಗಾಡಿಯನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ, ನೀರೆಲ್ಲ ಇಳಿದ ಮೇಲೆ ಬಾಗಿಲು ತೆಗೆದಿಟ್ಟು ಒಣಗಿಸಿ. ವರ್ಷಕ್ಕೊಮ್ಮೆ ಮಳೆಗಾಲ ಕಳೆದ ಮೇಲೆ ಅಂಚುಗಳಲ್ಲಿ ಉಗುರು ಹಾಕಿ ನೋಡಿ. ಎಲ್ಲಾದರೂ ಎದ್ದಿದ್ದರೆ ಅಷ್ಟನ್ನು ಕತ್ತರಿಸಿ, ಉಜ್ಜಿ, ಮತ್ತೆ ಹಚ್ಚಿಸಿ, ಕೆಳಗೆ ನೀರು ಸೇರಲು ಬಿಡಬೇಡಿ. ಬೂಚುಗಳನ್ನು ವಾಪಸ್ ಹಾಕಲು ಬಹಳ ಜನ ಮರೆಯುತ್ತಾರೆ, ಆಮೇಲೆ ರಸ್ತೆಯ ಕೆಸರೆಲ್ಲ ಕೆಳಗಿನಿಂದ ಒಳಗೆ ಬರುತ್ತದೆ. ನಾನು ತೆಗೆದ ತಕ್ಷಣ ಅವನ್ನು ಎಣಿಸಿ ಒಂದು ಸಣ್ಣ ಚೀಲಕ್ಕೆ ಹಾಕಿ ಗೇರ್ ಕಡ್ಡಿಗೆ ನೇತು ಹಾಕುತ್ತೇನೆ. ಗಾಡಿ ತೆಗೆಯಲು ಹೋದರೆ ಮೊದಲು ಕೈಗೆ ಸಿಗುವುದು ಆ ಚೀಲವೇ.